ಹೇಳಬಹುದಾದ ಕಾಯಿಲೆ

ನಮ್ಮವರಲ್ಲಿ ಕಾಯಿಲೆಗಳಿಗೂ ಮಡಿ ಮೈಲಿಗೆ ಉಂಟು. ಮಲಬದ್ಧತೆ ಮಡಿಯ ಕಾಯಿಲೆ. ಪಂಕ್ತಿಯಲ್ಲಿ ಕುಳಿತೂ ಅದರ ಮಾತನ್ನಾಡಬಹುದು. ಊರ್ಡಿಗೆರೆಯ ನಮ್ಮ ಚಿಕ್ಕಪ್ಪ ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಆಡಿದ್ದೆಲ್ಲ ಅದನ್ನೇ. ಹರಳೆಣ್ಣೆ, ತ್ರಿಫಲ, ಇಸಬಗೋಲು ಇವುಗಳ ಗುಣದೋಷಗಳನ್ನು, ತರಗತಿಯಲ್ಲಿ ನಾನು ಪಂಪ ರನ್ನರನ್ನು ತೂಗುವಷ್ಟೇ ಶ್ರದ್ಧೆಯಿಂದ ಅವರು ತೂಗುತ್ತಿದ್ದರು.

ಅವರಿಗೆ ಈಗ ಅರವತ್ತಾರು. ಎರಡು ವರ್ಷದಿಂದ ಹಾಸಿಗೆ ಜಗಲಿಗೆ ಬಂದಿತ್ತು. ಕೇಳಿದರೆ, “ಒಳಗೆ ಸೆಕೆ” ಎನ್ನುತ್ತಿದ್ದರು. ದೇವರಾಯನದುರ್ಗದ ಕಡೆಯ ಗಾಳಿ ಕೊರೆಯುವ ಮಾಗಿಯಲ್ಲೂ ಸೆಕೆಯೆ? ಒಮ್ಮೆ ಚಿಕ್ಕಮ್ಮ ಅಕ್ಕಿ ಆರಿಸುತ್ತ, “ನನ್ನ ಮೇಲೆ ಅದೇನು ಕೋಪವೋ ಕಾಣೆನಪ್ಪ” ಎಂದರು. ಚಿಕ್ಕಪ್ಪನಿಗೆ ವೈರಾಗ್ಯ ಬಂದಿದೆಯೆಂದು ನಾನಂತೂ ನಂಬಿದ್ದೆ.

ಮೊನ್ನೆ ಹೋದಾಗ ಅವರ ದಿಂಬಿನ ಕೆಳಗೆ ಒಂದು ಪುಡಿಯ ಪೊಟ್ಟಣ ಕಂಡಿತು. ಸಂತೆಯಲ್ಲಿ ಕೊಂಡದ್ದು. “ಹೊಟ್ಟೆಗೆ” ಎಂದರು. ಪೊಟ್ಟಣದ ಮೇಲೆ ಮುಂಗಾಲೆತ್ತಿ ನಿಂತ ಕುದುರೆ ಬೇರೇನನ್ನೋ ಹೇಳುತ್ತಿತ್ತು.

ಮಾರನೆಯ ದಿನವೇ ತುಮಕೂರಿನ ಬಸ್ಸು ಹತ್ತಿಸಿದೆ. ಅಲ್ಲಿಯೂ ಹೊಟ್ಟೆಯ ಪುರಾಣವೇ. ವೈದ್ಯರು ಪೂರ್ತಿ ಕೇಳಿ, ಮೆಲ್ಲಗೆ, “ಮೇಷ್ಟ್ರೇ, ಸಂಸಾರದ ವಿಷಯದಲ್ಲಿ ತೊಂದರೆ ಏನಾದರೂ ಉಂಟೆ?” ಎಂದರು. ನಾನು ಏಳಹೊರಟೆ, ಚಿಕ್ಕಪ್ಪ ಕೈಹಿಡಿದು ಕೂರಿಸಿಕೊಂಡು, ನೆಲ ನೋಡುತ್ತ ತಲೆಯಾಡಿಸಿದರು. ಇಪ್ಪತ್ತು ವರ್ಷ ಶೃಂಗಾರರಸ ಪಾಠ ಹೇಳಿದ ನನಗೂ ತಲೆ ಎತ್ತಲಾಗಲಿಲ್ಲ.

ವೈದ್ಯರು ನಿಮಿರು ದೌರ್ಬಲ್ಯವೆಂಬ ಮಾತನ್ನು ನೆಗಡಿ ಕೆಮ್ಮಿನಂತೆ ಆಡಿದರು. ಬೆನ್ನುಹುರಿಯ ಕೆಳತುದಿಯಿಂದ ಹೊರಡುವ ನರಗಳೇ ಕರುಳಿನ ಕೊನೆಗೂ ಜನನಾಂಗಕ್ಕೂ ಹೋಗುತ್ತವೆ. ಬಹುಕಾಲದ ಸಕ್ಕರೆ ಕಾಯಿಲೆ ಆ ನರಗಳನ್ನು ಕೆಡಿಸಿದರೆ ಎರಡು ಕಡೆಯೂ ಕಷ್ಟ. ಖಿನ್ನತೆಗೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು. ಒಂದು ಇನ್ನೊಂದಕ್ಕೆ ತಂದೆಯೆನ್ನುವುದಕ್ಕಿಂತ, ಎರಡೂ ಅನೇಕ ವೇಳೆ ಒಬ್ಬನೇ ತಂದೆಯ ಮಕ್ಕಳು. ಅಲ್ಲಿಯ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವಾದ್ದರಿಂದ, ಮುಂದೆ ಬರಬಹುದಾದ ಹೃದಯದ ಕಾಯಿಲೆಯ ಸೂಚನೆ ಅಲ್ಲೇ ಮೊದಲು ಕಾಣಬಹುದಂತೆ. ಮಲ, ಮೂತ್ರ, ಶುಕ್ರಗಳನ್ನು ನಡೆಸುವುದು ಒಂದೇ ಅಪಾನವಾಯುವೆಂದು ವಾಗ್ಭಟನೂ ಹೇಳಿದ್ದಾನೆ. ಪಾಪ, ರಕ್ತದ ಸಕ್ಕರೆ ಅಳೆಯುವ ಯಂತ್ರ ಅವನಲ್ಲಿರಲಿಲ್ಲ. ಇವರಲ್ಲಿತ್ತು. 286 ತೋರಿಸಿತು.

“ವಯಸ್ಸಿನದ್ದಲ್ಲವೆ ಇದು?”

“ವಯಸ್ಸೂ ಸೇರಿದೆ. ವಯಸ್ಸೊಂದೇ ಅಲ್ಲ.”

ಕುದುರೆಯ ಪೊಟ್ಟಣ ನೋಡಿ ವೈದ್ಯರು ಗಂಭೀರರಾದರು. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಪಡೆದ ಸಿಲ್ಡೆನಾಫಿಲ್ ಎಂಬ ಮದ್ದನ್ನು ಇಂಥ ಪುಡಿಗಳಲ್ಲಿ ಗುಟ್ಟಾಗಿ ಬೆರೆಸುವುದುಂಟು. ಎದೆನೋವಿಗೆ ನೈಟ್ರೇಟ್ ಮಾತ್ರೆ ನುಂಗುವವರು ಅದನ್ನು ತಿಂದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ಪೊಟ್ಟಣ ಅಲ್ಲೇ ಕಸದಬುಟ್ಟಿ ಸೇರಿತು.

ಬಸ್ಸಿನಲ್ಲಿ ಚಿಕ್ಕಪ್ಪ ಮಾತಾಡಲಿಲ್ಲ. ಮನೆ ಮುಟ್ಟುತ್ತಲೇ ಚಿಕ್ಕಮ್ಮ, “ಡಾಕ್ಟರು ಏನಂದರು?” ಎಂದರು.

“ಸಕ್ಕರೆ ಕಾಯಿಲೆಯಂತೆ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ ಚಿಕ್ಕಪ್ಪ, ಒಂದು ಗಳಿಗೆ ತಡೆದು ನನ್ನತ್ತ ತಿರುಗಿದರು. “ನೀನು ಸ್ವಲ್ಪ ಹೊರಗೆ ಕೂತಿರಪ್ಪ.”

ನಾನು ಜಗಲಿಗೆ ಬಂದು ಅವರ ಹಾಸಿಗೆಯ ಸುರುಳಿಗೆ ಒರಗಿ ಕುಳಿತೆ. ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು.