ಪ್ರಸ್ತಾರವೂ ಗಣಕಯಂತ್ರವೂ

ಸಾಫ್ಟ್‌ವೇರ್ ಉದ್ಯೋಗದ ಸಂದರ್ಶನಕ್ಕೆ ಹೊರಡುವ ನಮ್ಮ ಹಳೆಯ ವಿದ್ಯಾರ್ಥಿಗಳು, ಕನ್ನಡ ಮಾಧ್ಯಮದಲ್ಲಿ ಓದಿದೆವೆಂದು ಅಳುಕುವುದನ್ನು ಕಂಡಿದ್ದೇನೆ. ಆ ಅಳುಕು ನಿರಾಧಾರವಾದುದು. ಹೊಸಬರಿಗೆ ಅಲ್ಲಿ ಕೇಳುವ ಪ್ರಶ್ನೆಗಳಲ್ಲೊಂದು: ದಶಮಾನ ಸಂಖ್ಯೆಯನ್ನು ದ್ವಿಮಾನಕ್ಕೆ, ಎಂದರೆ ಬರಿಯ ಸೊನ್ನೆ-ಒಂದುಗಳಿಗೆ, ತಿರುಗಿಸಿರಿ. ಇದರ ಕೀಲಿಯು ಪಿಂಗಲನ ಛಂದಃಸೂತ್ರದ ‘ನಷ್ಟ’ವೆಂಬ ಪ್ರತ್ಯಯದಲ್ಲಿದೆ. (ಯಂತ್ರವನ್ನು ಬಲ್ಲೆನೆಂದಲ್ಲ, ಛಂದಸ್ಸನ್ನು ಬಲ್ಲೆ.)

ಮೂರಕ್ಷರದ ಗಣಗಳ ಪ್ರಸ್ತಾರದಲ್ಲಿ ಆರನೆಯದು ಯಾವುದು? ಎಂಟನ್ನೂ ಬರೆಯಬೇಕಾಗಿಲ್ಲ. ಆರು ಸಮಸಂಖ್ಯೆ, ಲಘುವಿಟ್ಟು ಅರ್ಧಿಸಿದರೆ ಮೂರು. ಮೂರು ವಿಷಮ; ಗುರುವಿಟ್ಟು, ಒಂದನ್ನು ಕೂಡಿ ಅರ್ಧಿಸಿದರೆ ಎರಡು. ಅದು ಸಮ, ಮತ್ತೆ ಲಘು. ಜಗಣವಾಯಿತು! ಆರರಲ್ಲಿ ಒಂದು ಕಳೆದ ಐದು ದ್ವಿಮಾನದಲ್ಲಿ 101. ಲಘುವೇ ಒಂದು, ಗುರುವೇ ಸೊನ್ನೆ. ಅಂಕಿಗಳನ್ನು ಮಾತ್ರ ಬಲದಿಂದ ಎಡಕ್ಕೆ ಓದಬೇಕು.

ಉತ್ಪಲಮಾಲೆಯಂತೆ ಇಪ್ಪತ್ತಕ್ಷರದ ಪಾದವಾದರೆ ಪ್ರಸ್ತಾರದ ಸಾಲುಗಳು 10,48,576. ಅಲ್ಲಿಯೂ ಇಪ್ಪತ್ತು ಸಲ ಅರ್ಧಿಸಿದರೆ ಸಾಕು. ಸಂದರ್ಶಕರು ಪರೀಕ್ಷಿಸುವುದು ಈ ಮಿತವ್ಯಯವನ್ನೇ.

ನಮ್ಮ ಬಿಜ್ಜರಗಿಯೇ ಭಾಸ್ಕರಾಚಾರ್ಯರ ವಿಜ್ಜಡವಿಡವೆಂಬುದು ಕೆಲವು ವಿದ್ವಾಂಸರ ಮತ. ಅವರೂ ಲೀಲಾವತಿಯಲ್ಲಿ (1150) ಗಾಯತ್ರಿಯ ಪಾದದ ಪ್ರಸ್ತಾರಭೇದಗಳೆಷ್ಟೆಂದು ಪ್ರಶ್ನಿಸಿದ್ದಾರೆ, ಉತ್ತರ 64.

ಸಂದರ್ಶನಕ್ಕೆ ಮುನ್ನ ಒಂದು ಸಂಜೆ ಬಂದವರಿಗೆ ‘ಉದ್ದಿಷ್ಟ’ವನ್ನೂ, ಎಂದರೆ ಸಾಲಿನಿಂದ ಅದರ ಸಂಖ್ಯೆಯನ್ನು ಹಿಡಿಯುವ ಬಗೆಯನ್ನೂ, ಹೇಳಿಕೊಡುವೆನು.