ಮುಳಬಾಗಿಲಿನಲ್ಲೊಂದು ಹಳೆಯ ಗಣಕಯಂತ್ರ

ಕಳೆದ ಜ್ಯೇಷ್ಠ ಮಾಸದಲ್ಲಿ ಕೋಲಾರದ ಸೀಮೆಯಲ್ಲಿ ಸಂಚರಿಸುವ ಸಂದರ್ಭವೊದಗಿತು. ಮಾಲೂರಿನಲ್ಲಿ ರೈಲಿನಿಂದಿಳಿದು, ಹೆಂಚಿನ ಕಾರ್ಖಾನೆಗಳ ಚಿಮಣಿಗಳನ್ನು ನೋಡುತ್ತ ಬಸ್ಸಿನಲ್ಲಿ ಕೋಲಾರಕ್ಕೆ ಬಂದೆನು. ಕೋಲಾರಮ್ಮನ ದರ್ಶನವಾದ ಮೇಲೆ ಟೊಮೇಟೊ ಮಂಡಿಯನ್ನು ಹೊಕ್ಕೆನು. ಅಲ್ಲಿ ರೈತರೊಬ್ಬರು ಪೆಟ್ಟಿಗೆಗಳ ಸಾಲಿನ ನಡುವೆ ನಿಂತು ಅಂಗೈಯಲ್ಲಿನ ಫೋನಿನಲ್ಲಿ ಧಾರಣೆಯನ್ನು ನೋಡುತ್ತಿದ್ದರು. ಆ ಫೋನಿಗೂ ನಾನು ನೋಡಹೊರಟಿದ್ದ ವಸ್ತುವಿಗೂ ನಂಟುಂಟೆಂಬುದು ಆಗ ನನಗೆ ತಿಳಿಯದು. ಶ್ರೀನಿವಾಸಪುರದಲ್ಲಿ ಒಂದು ಬುಟ್ಟಿ ಮಾವಿನ ಹಣ್ಣನ್ನು ಕೊಂಡು, ತೋಪುಗಳ ನಡುವಣ ದಾರಿಯಲ್ಲಿ ಸಂಜೆಗೆ ಮುಳಬಾಗಿಲನ್ನು ಸೇರಿದೆನು.

ಅಲ್ಲಿ ನನ್ನ ಸೋದರಮಾವನವರ ಮನೆ. ಅವರು ಗಣಿತದ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಅತ್ತೆಯವರು ಮೊದಲೇ ಹೇಳಿಕಳುಹಿಸಿದ್ದರು: “ಆ ಹಳೆಯ ಪೆಟ್ಟಿಗೆಯನ್ನು ಹೇಗಾದರೂ ಬೆಂಗಳೂರಿಗೆ ಸಾಗಿಸಪ್ಪ. ನಿನ್ನ ಮಾತಾದರೆ ಅವರು ಕೇಳುತ್ತಾರೆ.” ನಾನು ಒಪ್ಪಿಯೇ ಬಂದಿದ್ದೆನು.

ಆ ಪೆಟ್ಟಿಗೆಯು ಬಿಬಿಸಿ ಮೈಕ್ರೊ ಎಂಬ ಗಣಕಯಂತ್ರ. ಇಂಗ್ಲೆಂಡಿನ ಬಾನುಲಿ ಸಂಸ್ಥೆಯು ಮನೆಮಂದಿಗೆ ಗಣಕವಿದ್ಯೆಯನ್ನು ಕಲಿಸಬೇಕೆಂದು ಸಂಕಲ್ಪಿಸಿದಾಗ, ಕೇಂಬ್ರಿಜ್ಜಿನ ಏಕಾರ್ನ್ ಕಂಪೆನಿಯು 1981ರಲ್ಲಿ ಇದನ್ನು ಸಿದ್ಧಪಡಿಸಿತು. ನಮ್ಮ ದೇಶದಲ್ಲಿ 1984-85ರಲ್ಲಿ ಶಾಲೆಗಳಿಗೆ ಗಣಕವನ್ನು ಪರಿಚಯಿಸಿದ ‘ಕ್ಲಾಸ್’ ಯೋಜನೆಯು ಇದೇ ಯಂತ್ರದಿಂದ ಮೊದಲಾಯಿತು. ಒಟ್ಟು 12,000 ಯಂತ್ರಗಳು ಶಾಲೆಗಳಿಗೆ ಹಂಚಲ್ಪಟ್ಟುವು. ಮಾವನವರ ಶಾಲೆಯವರು ಕಾಲಾಂತರದಲ್ಲಿ ತಮ್ಮದನ್ನು ಗುಜರಿಯ ಬೆಲೆಗೆ ಕೊಡಹೊರಟಾಗ ಇವರೇ ಕೊಂಡು ತಂದರು.

“ಇದರ ಸ್ಮರಣೆ ಬರಿಯ 32 ಕೆ. ನಿನ್ನ ಫೋನಿನ ಒಂದು ಚಿತ್ರಕ್ಕೂ ಸಾಲದು,” ಎಂದು ಅವರೇ ನಕ್ಕರು. ಹಾಗಾದರೆ ಏಕೆ ಇಟ್ಟುಕೊಂಡಿದ್ದೀರಿ ಎಂದೆನು. ಅವರು ಉತ್ತರ ಕೊಡದೆ ನಾಲ್ಕು ತಿರುಪುಗಳನ್ನು ಬಿಚ್ಚಿ ಮುಚ್ಚಳವನ್ನೆತ್ತಿದರು. ಹಲವು ವರ್ಷ ಸುಮ್ಮನಿದ್ದ ಯಂತ್ರಕ್ಕೆ ಒಮ್ಮೆ ವಿದ್ಯುತ್ತು ಕೊಟ್ಟಾಗ ಹೊಗೆ ಬಂದು ಮನೆಯೆಲ್ಲ ನಾತವಾಯಿತಂತೆ. (ಅತ್ತೆಯವರ ಕೋಪಕ್ಕೆ ಮೂಲ ಇದು.) ಒಳಗಿನ ಒಂದು ಪುಟ್ಟ ಕೆಪಾಸಿಟರು ಒಡೆದಿತ್ತು, ವಯಸ್ಸಾದ ಈ ಯಂತ್ರಗಳಿಗೆ ಸಾಮಾನ್ಯವಾದ ವ್ಯಾಧಿಯದು. ರೇಡಿಯೋ ರಿಪೇರಿಯವನಿಂದ ಅಲ್ಪ ಬೆಲೆಯ ಬಿಡಿಭಾಗವನ್ನು ತಂದು ತಾವೇ ಬೆಸೆದರಂತೆ. ನನ್ನ ಫೋನು ಕೆಟ್ಟರೆ ನಾನು ಅದರ ಬೆನ್ನನ್ನೂ ತೆಗೆಯಲಾರೆ.

ಆಮೇಲೆ ಅವರು ಒಂದು ಕ್ಯಾಸೆಟ್ಟನ್ನು ತೆಗೆದರು. ಈ ಯಂತ್ರದಲ್ಲಿ ಬಳಸುವವನು ತಾನೇ ಅಕ್ಷರಗಳನ್ನು ರೂಪಿಸಬಹುದು. ಎಂಟು ಸಾಲು, ಸಾಲಿಗೆ ಎಂಟು ಚುಕ್ಕೆ, ಚದುರಂಗದ ಮಣೆಯಂತೆ. ಸಾಲಿಗೊಂದು ಸಂಖ್ಯೆಯನ್ನು ಕೊಟ್ಟರಾಯಿತು. ಆದರೆ ಸಾಧಾರಣವಾಗಿ ದೊರೆಯುವುದು 32 ಮಣೆ ಮಾತ್ರ. ನಮ್ಮ ಕಾಗುಣಿತಕ್ಕೆ ಅದು ಯಾವ ಮೂಲೆಗೆ? ಮಾವನವರು ಮಕ್ಕಳೊಡನೆ ಕೂತು ಉಪಾಯ ಹೂಡಿದರು: ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ‘ರ’ ಎರಡು ಸಲ ಬರುವುದನ್ನು ಬಿಟ್ಟರೆ ಹದಿನಾರು ಅಕ್ಷರ. ನಮ್ಮ ಅಕ್ಷರ ಅಗಲವಾದ್ದರಿಂದ ಒಂದೊಂದಕ್ಕೆ ಎರಡು ಮಣೆ. ಲೆಕ್ಕ ಸರಿಯಾಗಿ ಮೂವತ್ತೆರಡು!

ಟೇಪು ಕಿರುಗುಟ್ಟಿತು. ಯಂತ್ರವು ನಡುವೆ ‘ಡೇಟಾ?’ ಎಂದು ಕೇಳಿ ನಿಂತಿತು. ಟೇಪಿನ ಮೇಲಣ ಪುಡಿ ಉದುರುತ್ತಿದೆ ಎಂದು ಮಾವನವರು ಮೆಲ್ಲನೆ ಹೇಳಿ, ಹಿಂದಕ್ಕೆ ಸುತ್ತಿ ಮತ್ತೆ ಹಾಕಿದರು. ಎರಡನೆಯ ಸಲವೂ ಹಾಗೆಯೇ ಆಯಿತು. ಅವರ ಕೈ ನಡುಗುತ್ತಿದ್ದುದನ್ನು ಕಂಡು, ಸಾಗಿಸುವ ಮಾತನ್ನೆತ್ತಲು ನನಗೆ ಬಾಯಿ ಬರಲಿಲ್ಲ. ಮೂರನೆಯ ಸಲ ನಾಲ್ಕೂ ಊರುಗಳು ಟೆಲಿವಿಷನ್ನಿನ ಮೇಲೆ ಒಂದರ ಕೆಳಗೊಂದು ಮೂಡಿದುವು. ‘ಶ್ರೀ’ಯ ಒತ್ತು ಮಾತ್ರ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಂತಿತ್ತು.

ಅನಂತರ ಮಾವನವರು ಹೇಳಿದ ಸಂಗತಿ ಇದು. ಈ ಯಂತ್ರವನ್ನು ರೂಪಿಸಿದವರಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬಿಬ್ಬರು ಮುಂದೆ ಅದೇ ಕಂಪೆನಿಯಲ್ಲಿ ‘ಆರ್ಮ್’ ಎಂಬ ಹೊಸ ಸಂಸ್ಕಾರಕವನ್ನು ರಚಿಸಿದರು. 1985ರ ಏಪ್ರಿಲಿನಲ್ಲಿ ಅದು ಮೊದಲು ಕೆಲಸಮಾಡಿತು. ಇಂದಿನ ಫೋನುಗಳೆಲ್ಲ ಹೆಚ್ಚುಕಡಿಮೆ ಅದರ ವಂಶದವೇ. ನನಗೆ ಮಂಡಿಯ ರೈತರ ನೆನಪಾಯಿತು.

ಅಷ್ಟರಲ್ಲಿ ಅತ್ತೆಯವರು ಹಣ್ಣು ಹೆಚ್ಚಿಕೊಂಡು ಬಂದರು. ಅವರ ತವರು ಮಾಲೂರು. ತಟ್ಟೆಯನ್ನು ಹಿಡಿದುಕೊಂಡೇ ಕೊಂಚ ಹೊತ್ತು ನೋಡಿ, “ಲೂಕಾರದ ಬಾಲ ವಾರೆಯಾಗಿದೆ,” ಎಂದರು.

ಬೆಳಿಗ್ಗೆ ನಾನು ಹೊರಟಾಗ ಮಾವನವರು, ಟೇಪು ಪೂರ್ತಿ ಕೆಡುವುದರೊಳಗೆ ನಕಲು ಮಾಡಬೇಕು, ಒಂದು ಖಾಲಿ ಕ್ಯಾಸೆಟ್ಟನ್ನು ಹುಡುಕಿ ಕಳುಹಿಸು ಎಂದರು. ಅತ್ತೆಯವರು ಬಾಗಿಲಲ್ಲಿ ನಿಂತು, “ಸಿಕ್ಕರೆ ಎರಡು ಕಳುಹಿಸು,” ಎಂದರು.