ಹಿರೇನಲ್ಲೂರಿನಿಂದ ಹಿರೇಮಗಳೂರಿಗೆ

ಕಡೂರು ಸೀಮೆಯ ಬಯಲಿನ ಬಿಸಿಲಿನಲ್ಲಿ ಬೆಂದು ಹಿರೇನಲ್ಲೂರಿನ ಮಲ್ಲಿಕಾರ್ಜುನ ದೇಗುಲವನ್ನು ಹೊಕ್ಕ ನನಗೆ, ಹೊಯ್ಸಳರ ಕಾಲದ ಆ ಕಲ್ಲುಕಂಬಗಳ ತಂಪೇ ಮೊದಲ ಪ್ರಸಾದವಾಯಿತು. ಆದರೆ ಆ ಊರಿನಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಶಿಲ್ಪವಲ್ಲ, ಒಂದು ಊಟ. ನನಗೆ ಆಶ್ರಯವಿತ್ತ ವೃದ್ಧ ವೈದಿಕರು ಬಾಳೆಯೆಲೆಯ ಸುತ್ತ ನೀರು ಕಟ್ಟಿ, ಬಲಗಡೆ ಚಿತ್ರಾಹುತಿಯಿಟ್ಟು, ಆಪೋಶನ ತೆಗೆದುಕೊಂಡು, ತುಪ್ಪದನ್ನದ ಐದು ಸಣ್ಣ ತುತ್ತುಗಳನ್ನು ಹಲ್ಲಿಗೆ ಸೋಕಿಸದೆ ಒಂದೊಂದಾಗಿ ನುಂಗಿದರು. ಅವರ ಮನೆಯಲ್ಲಿ ಹಿಂದೆ ಅಗ್ನಿಹೋತ್ರವಿದ್ದಿತೆಂದು ಕೇಳಿದ್ದ ನಾನು, ಅವರು ಕೈತೊಳೆದು ಬಂದಮೇಲೆ, ಅದು ಎಂದು ನಿಂತಿತೆಂದು ವಿಚಾರಿಸಿದೆನು.

“ನಿಂತಿತೆಂದು ಯಾರು ಹೇಳಿದರಪ್ಪಾ? ಈಗ ತಾನೆ ಮಾಡಿ ಎದ್ದೆನಲ್ಲ!” ಎಂದರು.

ಇದು ಬರಿಯ ಚಮತ್ಕಾರದ ಮಾತಲ್ಲ. ಛಾಂದೋಗ್ಯೋಪನಿಷತ್ತಿನ ಐದನೆಯ ಅಧ್ಯಾಯದಲ್ಲಿ ಕೇಕಯರ ಅರಸನಾದ ಅಶ್ವಪತಿಯು, ವೈಶ್ವಾನರನನ್ನು ಅರಿಯಲೆಂದು ಬಂದ ಗೃಹಸ್ಥರಿಗೆ, ಎದೆಯನ್ನು ವೇದಿಯಾಗಿ, ಮೈಗೂದಲನ್ನು ದರ್ಭೆಯಾಗಿ, ಬಾಯನ್ನು ಆಹವನೀಯಾಗ್ನಿಯಾಗಿ ಕಾಣುವ ಬಗೆಯನ್ನು ಉಪದೇಶಿಸಿ, ಉಣ್ಣುವ ಅನ್ನವನ್ನೇ ಹೋಮದ್ರವ್ಯವನ್ನಾಗಿಸುತ್ತಾನೆ. ಹೀಗೆಂದಮಾತ್ರಕ್ಕೆ ಪೂರ್ವದ ಯಜ್ಞಗಳೆಲ್ಲವೂ ಕೇವಲ ರೂಪಕಗಳಾಗಿದ್ದುವೆಂದು ಸಾಧಿಸಹೊರಡುವ ವಿದ್ವಾಂಸರ ಉತ್ಸಾಹ ನನಗೆ ಒಗ್ಗದು. ಬೃಹದಾರಣ್ಯಕವು ಅಶ್ವಮೇಧದ ಕುದುರೆಯಲ್ಲಿ ವಿಶ್ವವನ್ನೇ ಕಂಡು ಉಷಸ್ಸನ್ನು ಅದರ ಶಿರಸ್ಸೆಂದರೂ, ಯೂಪಕ್ಕೆ ಕಟ್ಟಿದ ಕುದುರೆ ರಕ್ತಮಾಂಸದ್ದೇ ಆಗಿದ್ದಿತು.

ಅಂತಹದೊಂದು ಯೂಪವನ್ನು ನೋಡಬೇಕೆಂದೇ ಸಖರಾಯಪಟ್ಟಣದ ಮಾರ್ಗವಾಗಿ ಚಿಕ್ಕಮಗಳೂರನ್ನು ಸೇರಿ, ಅದರ ಮಗ್ಗುಲಿನ ಹಿರೇಮಗಳೂರಿಗೆ ನಡೆದೆನು. ಅಲ್ಲಿಯ ಈಶ್ವರ ದೇಗುಲದಲ್ಲಿರುವ, ಈಟಿಯ ಮೊನೆಯಂತೆ ತುದಿಯುಳ್ಳ ಶಿಲಾಸ್ತಂಭವು ಜನಮೇಜಯನ ಸರ್ಪಯಾಗದ ಯೂಪಸ್ತಂಭವೆಂದು ಪ್ರತೀತಿ. ಹಾವು ಕಚ್ಚಿದವರು ಅದನ್ನು ಪ್ರದಕ್ಷಿಣೆ ಮಾಡಿದರೆ ವಿಷವಿಳಿಯುವುದೆಂಬ ನಂಬಿಕೆಯೂ ಉಂಟು. ಇತಿಹಾಸ ಒಪ್ಪಲಿ ಬಿಡಲಿ, ಹಾವುಗಳನ್ನು ಸುಟ್ಟ ಯಾಗದ ಕಂಬಕ್ಕೆ ವಿಷ ಕಳೆಯುವ ಕೆಲಸವನ್ನು ವಹಿಸಿಕೊಟ್ಟ ಆ ಗ್ರಾಮಸ್ಥರ ಬುದ್ಧಿಗೆ ನಾನು ತಲೆದೂಗಿದೆನು.

ಸರ್ಪವೆಂದರೆ ಕಾಮ, ಕುಂಡವೆಂದರೆ ಜ್ಞಾನ ಎಂದು ಸುಲಭವಾಗಿ ಹೇಳಿಬಿಡಬಹುದು. ಹಾಗಾದರೆ ಆ ಯಾಗ ನಡುವೆಯೇ ನಿಂತುದೇಕೆ? ಜನಮೇಜಯನ ತಂದೆ ಪರೀಕ್ಷಿತನನ್ನು ಕಚ್ಚಿದವನು ತಕ್ಷಕನೊಬ್ಬ; ಬೆಂಕಿಗೆ ಬಿದ್ದುದು ಕುಲಕ್ಕೆ ಕುಲವೇ. ಹವಿಸ್ಸಾಗಬೇಕಾಗಿದ್ದ ಯಜಮಾನನ ಕ್ರೋಧ ಮಾತ್ರ ಕುಂಡದ ಹೊರಗೇ ಉಳಿದಿತ್ತು. ಗದುಗಿನ ನಾರಣಪ್ಪನು ತನ್ನ ಭಾರತದಲ್ಲಿ ಅಡಿಗಡಿಗೂ ಹೆಸರು ಹಿಡಿದು ಕರೆಯುವ ಈ ಅರಸನು, ತನ್ನ ಹಿರಿಯರು ಹಗೆಯಿಂದ ವಂಶವನ್ನೇ ಕಳೆದುಕೊಂಡ ಕಥೆಯನ್ನು ವೈಶಂಪಾಯನನ ಬಾಯಿಂದ ಕೇಳಿದುದು, ತಾನೂ ಹಗೆಗಾಗಿಯೇ ಹೂಡಿದ ಈ ಯಾಗದ ಬಿಡುವುಗಳಲ್ಲಿ. ನಾಗಕನ್ಯೆಯ ಮಗನಾದ ಆಸ್ತೀಕನು ಬಂದು ಯಾಗ ನಿಲ್ಲಲೆಂದು ವರ ಬೇಡಿದಾಗ, ಹೊನ್ನನ್ನು ಕೇಳು, ಗೋವುಗಳನ್ನು ಕೇಳು ಎಂದು ಅರಸನು ಬಗೆಬಗೆಯಾಗಿ ಹೇಳಿ ನೋಡಿದನು. ತಕ್ಷಕನೋ ಆಕಾಶದಲ್ಲಿ, ಬೀಳದೆ ಏಳದೆ, ತಡೆದು ನಿಂತಿದ್ದನು. ಕೊನೆಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಅರಸನು ಆಗಲೆಂದನು. ಪೂರ್ಣಾಹುತಿಯಿಲ್ಲದ ಆ ಯಾಗದಲ್ಲಿ ಕಡೆಯದಾಗಿ ಬೆಂದುದು ಅವನ ಹಟವೆಂದೇ ನಾನು ಓದಿಕೊಳ್ಳುತ್ತೇನೆ. ಋತ್ವಿಜರಿಗೇನೋ ದಕ್ಷಿಣೆ ಹೇರಳವಾಗಿಯೇ ಸಂದಿತು.